ಒಡೆದು ಕಟ್ಟುವ ಚಂದ್ರಯಾನ

ಜಯನಗರ, ಬನಶಂಕರಿ ಕಡೆಯ ಮನೆಗಳ ಶೋಕೇಸಿಗೆ ಅದರದೇ ಒಂದು ಚರಿತ್ರೆಯಿದೆ. ಮೊದಲು ಅಲ್ಲಿ ಚನ್ನಪಟ್ಟಣದ ಗೊಂಬೆ, ಗಂಧದ ಮರದ ಆನೆ, ಮಕ್ಕಳು ಗೆದ್ದು ತಂದ ಕಪ್ಪುಗಳು ಇರುತ್ತಿದ್ದವು. ಈಚಿನ ವರ್ಷಗಳಲ್ಲಿ ಅವುಗಳ ಪಕ್ಕಕ್ಕೆ ಪ್ಲಾಸ್ಟಿಕ್ ಇಟ್ಟಿಗೆಯ ರಾಕೆಟ್ಟು, ಬಾಹ್ಯಾಕಾಶ ನಿಲ್ದಾಣಗಳೂ ಬಂದು ಕೂತಿವೆ. ಹುಟ್ಟುಹಬ್ಬಕ್ಕೆ ಕೊಡಿಸಿದ್ದು, ಇಲ್ಲವೇ ರಜಕ್ಕೆಂದು ಅಮೆರಿಕದಿಂದ ಬಂದ ಚಿಕ್ಕಪ್ಪ ಸೂಟ್‌ಕೇಸಿನಲ್ಲಿ ಹೊತ್ತು ತಂದದ್ದು. ಹುಡುಗ ಎರಡು ದಿನ ನೆಲದ ಮೇಲೆ ಕೂತು, ಪುಸ್ತಕ ನೋಡಿಕೊಂಡು ಜೋಡಿಸುತ್ತಾನೆ. ಮೂರನೆಯ ದಿನ ಅದು ಗಾಜಿನ ಹಿಂದೆ ಹೋಗುತ್ತದೆ. ‘ಮುಟ್ಟಬೇಡ ಕಣೋ, ಬಿದ್ದರೆ ಚೂರಾಗತ್ತೆ’ ಎಂಬ ಮಾತು ಅಲ್ಲಿಂದ ಶುರು.

ಬಿಚ್ಚಿ ಮತ್ತೆ ಕಟ್ಟಲೆಂದೇ ಹುಟ್ಟಿದ ಆಟಿಕೆಗೆ ಇದೊಂದು ವಿಚಿತ್ರ ಸೆರೆವಾಸ. ಹಾಗೆಂದು ತಂದೆ ತಾಯಿಯರನ್ನು ಪೂರ್ತಿ ದೂರುವಂತೆಯೂ ಇಲ್ಲ. ಆಮದಾಗುವ ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. ದೊಡ್ಡದೊಂದು ರಾಕೆಟ್ ಸೆಟ್ಟಿನ ಬೆಲೆಗೆ ಮಗುವಿಗೆ ಒಂದು ಸೈಕಲ್ಲೇ ಬಂದೀತು. ಅಷ್ಟು ಹಣ ಸುರಿದು ತಂದದ್ದು ಒಂದು ಸಂಜೆಗೆ ಬಿಡಿಬಿಡಿಯಾಗಿ ಡಬ್ಬಿ ಸೇರಿದರೆ ಹೊಟ್ಟೆ ಚುರುಕ್ಕೆನ್ನುವುದು ಸಹಜ. ಆದರೆ ಆ ಹಣಕ್ಕೆ ಕೊಂಡು ತಂದದ್ದಾದರೂ ಏನನ್ನು? ಒಂದು ರಾಕೆಟ್ಟನ್ನೋ, ಸಾವಿರಾರು ಇಟ್ಟಿಗೆಗಳನ್ನೋ?

ಈ ಆಟಿಕೆಯ ತವರು ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಸಣ್ಣ ಊರು. ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಕೂತ. ‘ಚೆನ್ನಾಗಿ ಆಡು’ ಎಂಬ ಅರ್ಥದ ಎರಡು ಡೇನಿಷ್ ಪದಗಳನ್ನು ಕೂಡಿಸಿ ‘ಲೆಗೊ’ ಎಂದು ಹೆಸರಿಟ್ಟ. ಮೇಲೆ ಗುಂಡು ಉಬ್ಬುಗಳು, ಒಳಗೆ ಟೊಳ್ಳು ಕೊಳವೆಗಳಿರುವ ಈಗಿನ ಪ್ಲಾಸ್ಟಿಕ್ ಇಟ್ಟಿಗೆಗೆ ಆತನ ಮಗ ಗಾಟ್‌ಫ್ರೆಡ್ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಉಬ್ಬು ಕೊಳವೆಯ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಎಳೆದರೆ ಬಿಡುತ್ತದೆ. ಯಂತ್ರ ಇಷ್ಟೇ. ಆ ವರ್ಷದ ಇಟ್ಟಿಗೆ ಇವತ್ತಿನ ಇಟ್ಟಿಗೆಯ ಮೇಲೂ ಕೂರುತ್ತದೆ.

ಬಾಹ್ಯಾಕಾಶದ ಸರಣಿ ಆರಂಭವಾದದ್ದು 1978ರಲ್ಲಿ. ಅದರ ಹಿಂದಿದ್ದ ವಿನ್ಯಾಸಕಾರ ಯೆನ್ಸ್ ನೈಗಾರ್ಡ್ ಕ್ನೂಡ್ಸೆನ್. ಈ ಇಟ್ಟಿಗೆ ಲೋಕದ ನಗುಮುಖದ ಪುಟಾಣಿ ಮನುಷ್ಯನೂ ಅವನದೇ ಕೂಸು. ಕೆಂಪು, ಬಿಳಿ ಉಡುಪಿನ ಗಗನಯಾತ್ರಿಗಳು, ಹಳದಿ ಬಣ್ಣದ ಪಾರದರ್ಶಕ ಗಾಜು, ಕುಳಿಗಳಿರುವ ಚಂದ್ರನ ನೆಲ. ಯಾರ ಕೈಯಲ್ಲೂ ಆಯುಧವಿರಲಿಲ್ಲ, ಶತ್ರುವೂ ಇರಲಿಲ್ಲ, ಎಲ್ಲರೂ ಅನ್ವೇಷಕರೇ. ಶಿರಸ್ತ್ರಾಣದ ಗಲ್ಲದ ಪಟ್ಟಿ ಮಾತ್ರ ತೆಳುವಾಗಿತ್ತು, ನಾಲ್ಕು ದಿನ ಆಡಿದರೆ ಸೀಳುತ್ತಿತ್ತು. 2014ರ ಲೆಗೊ ಸಿನಿಮಾದಲ್ಲಿ ಬರುವ ನೀಲಿ ಗಗನಯಾತ್ರಿಯ ಶಿರಸ್ತ್ರಾಣವೂ ಸೀಳಿಯೇ ಇದೆ. ಆಡಿ ಸವೆಸಿದ ಒಂದು ತಲೆಮಾರಿಗೆ ಅದು ಸಂದ ಗೌರವ ಎನ್ನಬೇಕು. ಆ ಸರಣಿಯ ದೊಡ್ಡ ನೌಕೆ ‘ಗ್ಯಾಲಕ್ಸಿ ಎಕ್ಸ್‌ಪ್ಲೋರರ್’ 1979ರದು, 338 ಬಿಡಿಭಾಗಗಳು. ಅದನ್ನೇ 2022ರಲ್ಲಿ 1,254 ಭಾಗಗಳೊಂದಿಗೆ ದೊಡ್ಡದಾಗಿ ಮತ್ತೆ ತಂದಾಗ, ಅವೇ ಇಟ್ಟಿಗೆಗಳಿಂದ ಇನ್ನೆರಡು ಸಣ್ಣ ನೌಕೆಗಳನ್ನು ಕಟ್ಟುವ ದಾರಿಯನ್ನೂ ಕಂಪನಿಯೇ ತೋರಿಸಿತು. ಅಂದರೆ ‘ಬಿಚ್ಚಿ’ ಎಂದು ಮಾಡಿದವರೇ ಹೇಳಿದಂತಾಯಿತು.

ಬಿಚ್ಚಿದರೆ ಏನೇನು ಆದೀತು ಎಂಬುದಕ್ಕೆ ಗಣಿತದ ಲೆಕ್ಕವೇ ಇದೆ. ಎಂಟು ಉಬ್ಬುಗಳ (ಎರಡು ಸಾಲು, ಸಾಲಿಗೆ ನಾಲ್ಕು) ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಮೂರಾದರೆ 1,060. ಆರಾದರೆ? ಕಂಪನಿ ಬಹಳ ಕಾಲ ಹತ್ತು ಕೋಟಿ ಚಿಲ್ಲರೆ ಎನ್ನುತ್ತಿತ್ತು. ಅದು ಆರು ಅಂತಸ್ತಿನ ಗೋಪುರಗಳ ಲೆಕ್ಕ ಮಾತ್ರ ಎಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಗುರುತಿಸಿದರು. ಅಕ್ಕಪಕ್ಕ ಹರಡುವ ಜೋಡಣೆಗಳನ್ನೂ ಕಂಪ್ಯೂಟರಿಗೆ ಕೊಟ್ಟು ಎಣಿಸಿದಾಗ ಬಂದ ಉತ್ತರ 91,51,03,765. ಎರಡು ಇಟ್ಟಿಗೆಯ 24 ವಿಧಗಳನ್ನು ಪೆನ್ಸಿಲ್ ಹಿಡಿದು ಎಣಿಸಿ ನೋಡುವುದು ಎಂಟನೆಯ ತರಗತಿಯ ಹುಡುಗಿಗೆ ಒಂದು ಒಳ್ಳೆಯ ಭಾನುವಾರದ ಕೆಲಸ. ಒಂದು ಸುಳಿವು ಸಾಕು: ಅರ್ಧ ಸುತ್ತು ತಿರುಗಿಸಿದರೆ ಒಂದೇ ಆಗಿ ಕಾಣುವ ಜೋಡಣೆಗಳನ್ನು ಎರಡು ಸಲ ಎಣಿಸಬಾರದು.

ಪುಸ್ತಕ ಬಿಟ್ಟು ತಮ್ಮ ತಲೆಯಿಂದಲೇ ಕಟ್ಟಿದ ಮಾದರಿಗಳಿಗೆ ಅಭಿಮಾನಿಗಳಲ್ಲಿ ‘ಎಂ.ಓ.ಸಿ.’ ಎಂಬ ಹೆಸರು. ‘ಮೈ ಓನ್ ಕ್ರಿಯೇಷನ್’, ನನ್ನದೇ ಸೃಷ್ಟಿ ಎಂದರ್ಥ. ಇದು ಮಕ್ಕಳಿಗಷ್ಟೇ ಸೀಮಿತವಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ನೂರು ಉಬ್ಬು, ಎಂದರೆ 80 ಸೆಂಟಿಮೀಟರ್ ಉದ್ದದ ಬಾಹ್ಯಾಕಾಶ ನೌಕೆಯನ್ನು ಒಂದೇ ತಿಂಗಳಲ್ಲಿ ಕಟ್ಟಿ ಮುಗಿಸುವ ಪಣ ತೊಡುವ ದೊಡ್ಡವರು ಹಲವು ದೇಶಗಳಲ್ಲಿದ್ದಾರೆ. ಫೆಬ್ರವರಿ ಬಂದರೆ ಚಂದ್ರ, ಮಂಗಳಗಳ ಮೇಲೆ ಓಡಾಡುವ ಬಂಡಿಗಳ ಸರದಿ. ಅಭಿಮಾನಿಗಳ ಕಲ್ಪನೆಗೆ ಹತ್ತು ಸಾವಿರ ಜನರ ಬೆಂಬಲ ಸಿಕ್ಕರೆ ಕಂಪನಿ ಅದನ್ನು ಪರಿಶೀಲಿಸಿ, ಒಪ್ಪಿದರೆ ಸೆಟ್ಟಾಗಿ ಹೊರತರುವ ಏರ್ಪಾಡೂ ಇದೆ. ಬಾಹ್ಯಾಕಾಶದ ಕೆಲವು ಒಳ್ಳೆಯ ಸೆಟ್ಟುಗಳು ಬಂದದ್ದು ಈ ದಾರಿಯಲ್ಲೇ. ಕ್ಷುದ್ರಗ್ರಹದ ಧೂಳನ್ನು 2010ರಲ್ಲಿ ಭೂಮಿಗೆ ತಂದ ಜಪಾನಿನ ಹಯಬುಸಾ ನೌಕೆ 2012ರಲ್ಲಿ ಇಟ್ಟಿಗೆಯಾಯಿತು. 2017ರಲ್ಲಿ ಬಂದ ಸ್ಯಾಟರ್ನ್ ರಾಕೆಟ್ಟು ಒಂದು ಮೀಟರ್ ಎತ್ತರ. ಅದರ ಭಾಗಗಳು ಸರಿಯಾಗಿ 1,969, ಮನುಷ್ಯ ಚಂದ್ರನ ಮೇಲಿಳಿದ ಇಸವಿಯ ನೆನಪಿಗೆ.

ಇವುಗಳಲ್ಲಿ ತೀರ ಕುತೂಹಲದ್ದು 2014ರ ಕ್ಯೂರಿಯಾಸಿಟಿ, ಮಂಗಳನ ಬಂಡಿ. ಭಾಗಗಳು 295 ಅಷ್ಟೇ. ರೂಪಿಸಿದ ಸ್ಟೀಫನ್ ಪಾಕ್‌ಬಾಜ್ ಅವರು ನಾಸಾದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯಲ್ಲಿ ನಿಜವಾದ ಕ್ಯೂರಿಯಾಸಿಟಿಗಾಗಿ ದುಡಿದ ಎಂಜಿನಿಯರು. ಹಗಲು ನಿಜವಾದ ಬಂಡಿ, ಮನೆಗೆ ಬಂದರೆ ಆಟಿಕೆಯ ಬಂಡಿ! ಅವರ ಮಾದರಿಯ ಆರು ಚಕ್ರಗಳು ನಿಜವಾದದ್ದರಂತೆಯೇ ಕಲ್ಲು ಹತ್ತಿ ಇಳಿಯುತ್ತವೆ.

ಈ ಮಾತು ಬೆಂಗಳೂರಿಗೆ ದೂರದ್ದಲ್ಲ. ಕುಮಾರಸ್ವಾಮಿ ಬಡಾವಣೆಯ ಬಳಿ ಇಸ್ರೋ ಬಡಾವಣೆ ಎಂಬ ಹೆಸರಿನದೇ ಒಂದು ಬಡಾವಣೆ ಇದೆ. ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಊರಿನ ಇನ್ನೊಂದು ತುದಿಯ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಹೊತ್ತೊಯ್ದಿತು. 360 ಕಿಲೋ ತೂಕ, 26 ಮುಖ. 1981ರಲ್ಲಿ ಆ್ಯಪಲ್ ಉಪಗ್ರಹವನ್ನು ಪರೀಕ್ಷೆಗಾಗಿ ಎತ್ತಿನ ಗಾಡಿಯ ಮೇಲೆ ಕೂರಿಸಿದ ಚಿತ್ರವನ್ನಂತೂ ಬಹಳ ಜನ ಕಂಡಿದ್ದಾರೆ. ಲೋಹದ ಗಾಡಿ ಆಂಟೆನಾ ಪರೀಕ್ಷೆಗೆ ತೊಡಕು, ಮರದ ಗಾಡಿಯಾದರೆ ಆ ತಾಪತ್ರಯವಿಲ್ಲ ಎಂಬ ಜಾಣತನ ಅದು. ಎತ್ತಿನ ಗಾಡಿ, ಮೇಲೊಂದು ಉಪಗ್ರಹ: ಇದಕ್ಕಿಂತ ಚೆಂದದ ಸ್ವಂತ ಸೃಷ್ಟಿಗೆ ವಸ್ತು ಬೇಕೆ? ಇದನ್ನು ಯಾರಾದರೂ ಕಟ್ಟುವುದಾದರೆ ಬೆಂಗಳೂರಿನ ಮಕ್ಕಳೇ ಕಟ್ಟಬೇಕು.

ಬಿಚ್ಚಿ ಕಟ್ಟುವುದು ಇಸ್ರೋದವರಿಗೂ ಹೊಸದಲ್ಲ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ–2ರ ವಿಕ್ರಮ್ ಕೊನೆಯ ಗಳಿಗೆಯಲ್ಲಿ ಅಪ್ಪಳಿಸಿತು. ಮುಂದಿನ ಸಲಕ್ಕೆ ಅದನ್ನೇ ಮತ್ತೊಮ್ಮೆ ಜೋಡಿಸಿ ಕಳಿಸಲಿಲ್ಲ. ಕಾಲುಗಳನ್ನು ಗಟ್ಟಿ ಮಾಡಿದರು, ಸೆಕೆಂಡಿಗೆ ಎರಡರ ಬದಲು ಮೂರು ಮೀಟರ್ ವೇಗದಲ್ಲಿ ನೆಲ ಮುಟ್ಟಿದರೂ ತಾಳುವಂತೆ ಮಾಡಿದರು. ಐದು ಎಂಜಿನ್‌ಗಳಲ್ಲಿ ನಡುವಿನದನ್ನು ಕಿತ್ತು ನಾಲ್ಕನ್ನೇ ಉಳಿಸಿದರು. ಎಲ್ಲ ಸರಿಯಿದ್ದರೆ ಹೇಗೆ ಇಳಿಯುತ್ತದೆ ಎಂಬುದರ ಬದಲು, ಏನೇನು ಕೆಟ್ಟರೂ ಹೇಗೆ ಇಳಿಸಬಹುದು ಎಂದು ಯೋಚಿಸಿ ಕಟ್ಟಿದ ನೌಕೆ 2023ರ ಆಗಸ್ಟ್ 23ರ ಸಂಜೆ ಚಂದ್ರನ ದಕ್ಷಿಣ ಧ್ರುವದ ಕಡೆ ಮೆತ್ತಗೆ ಕೂತಿತು.

ಆ ವರ್ಷದ ನವರಾತ್ರಿಗೆ ಎರಡು ತಿಂಗಳೂ ಇರಲಿಲ್ಲ. ಬೆಂಗಳೂರಿನ ಎಷ್ಟೋ ಮನೆಗಳ ಗೊಂಬೆ ಹಬ್ಬದಲ್ಲಿ ಪಟ್ಟದ ಗೊಂಬೆಗಳ ಕೆಳಗೆ ರಟ್ಟಿನ ಚಂದ್ರಯಾನ ಬಂತು. ಇದನ್ನು ಸ್ವಲ್ಪ ಗಮನಿಸಬೇಕು. ಮೇಲಿನ ಮೆಟ್ಟಿಲುಗಳು ಅಜ್ಜಿ, ಅಮ್ಮಂದಿರವು. ಅಲ್ಲಿ ಯಾವ ಗೊಂಬೆ ಎಲ್ಲಿ ಎಂಬುದಕ್ಕೆ ಕಟ್ಟಲೆಯಿದೆ. ಕೆಳಗೆ ನೆಲದ ಮೇಲಿನ ‘ಪಾರ್ಕು’ ಮಾತ್ರ ಮಕ್ಕಳದು. ಮೊಳಕೆ ಬಂದ ರಾಗಿಯ ಹುಲ್ಲು, ಕನ್ನಡಿಯ ಕೆರೆ, ಮುರಿದ ಕಾರು, ಮೃಗಾಲಯ. ಹತ್ತು ದಿನ ಇದ್ದು ಆಮೇಲೆ ಎಲ್ಲವೂ ಬಿಚ್ಚಿ ಟ್ರಂಕಿಗೆ. ಮುಂದಿನ ವರ್ಷ ಅವೇ ಸಾಮಾನುಗಳಿಂದ ಇನ್ನೊಂದು ಪಾರ್ಕು. ‘ಬಿಚ್ಚಿಬಿಟ್ಟರೆ ಹಣ ದಂಡ’ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಎಂ.ಓ.ಸಿ. ಎಂಬ ಹೆಸರು ಬರುವ ಮುಂಚೆಯೇ ಈ ಆಟ ಇಲ್ಲಿತ್ತು.

ಶಾಲೆಯ ವಿಜ್ಞಾನ ಪ್ರದರ್ಶನದ ಕಥೆ ಇದಕ್ಕೆ ತದ್ವಿರುದ್ಧ. ಹಿಂದಿನ ರಾತ್ರಿ ಹನ್ನೊಂದಕ್ಕೆ ಅಪ್ಪ ಥರ್ಮೋಕೋಲ್ ಕೊಯ್ಯುತ್ತಿರುತ್ತಾರೆ, ಅಮ್ಮ ಬಣ್ಣ ಬಳಿಯುತ್ತಿರುತ್ತಾರೆ, ಮಗು ಮಲಗಿರುತ್ತದೆ! ಬಹುಮಾನ ಬಂದರೆ ಅದೂ ಶೋಕೇಸಿಗೇ. ಅದರ ಬದಲು ಇಟ್ಟಿಗೆಯಲ್ಲಿ ಕಟ್ಟಿದ, ಸೊಟ್ಟಗಿದ್ದರೂ ಓಡುವ ಒಂದು ಪ್ರಜ್ಞಾನ್ ಬಂಡಿ ತಂದ ಹುಡುಗಿಗೆ ಮೇಷ್ಟರು ಎರಡು ಅಂಕ ಹೆಚ್ಚು ಕೊಟ್ಟರೆ ತಪ್ಪೇನೂ ಇಲ್ಲ.

ಪ್ರಜ್ಞಾನ್ ಕಟ್ಟಲು ವಿಶೇಷ ಸೆಟ್ಟು ಬೇಕಿಲ್ಲ. ನಿಜವಾದದ್ದು 26 ಕಿಲೋ ತೂಕ, 917, 750 ಮತ್ತು 397 ಮಿಲಿಮೀಟರ್ ಅಳತೆ. ಹತ್ತನೇ ಒಂದಕ್ಕೆ ಇಳಿಸಿ. ಎರಡು ಉಬ್ಬುಗಳ ನಡುವಿನ ದೂರ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6. ಅಂದರೆ ಉದ್ದ ಹನ್ನೊಂದೂವರೆ ಉಬ್ಬು, ಅಗಲ ಒಂಬತ್ತಕ್ಕೂ ಚೂರು ಹೆಚ್ಚು, ಎತ್ತರ ನಾಲ್ಕು ಇಟ್ಟಿಗೆ. ಮೈ ಸುಲಭ, ಕಾಲುಗಳದ್ದೇ ಕಷ್ಟ. ಎರಡೂ ಬದಿಗೆ ಒಂದೊಂದು ಉದ್ದ ತೋಳು. ಅದರ ಒಂದು ತುದಿಗೆ ಒಂದು ಚಕ್ರ, ಇನ್ನೊಂದು ತುದಿಗೆ ನಡುವಿನಲ್ಲಿ ತೂಗಾಡುವ ಗಿಡ್ಡ ತೋಳು, ಅದರ ಎರಡು ತುದಿಗೂ ಚಕ್ರ. ಎಡದ ತೋಳು ಏರಿದಷ್ಟು ಬಲದ್ದು ಇಳಿಯುವಂತೆ ಎರಡನ್ನೂ ಬೆಸೆಯಬೇಕು. ಮೈಮೇಲೆ ಅಡ್ಡಲಾಗಿ ಒಂದು ಪಟ್ಟಿ ಇಟ್ಟು, ನಡುವೆ ಒಂದೇ ಪಿನ್ನು ಹಾಕಿ, ತುದಿಗಳನ್ನು ತೋಳುಗಳಿಗೆ ಕಟ್ಟಿದರೆ ಆಯಿತು. ಆಗ ಒಂದು ಚಕ್ರ ಪುಸ್ತಕದ ಮೇಲೆ ಹತ್ತಿದರೂ ಉಳಿದ ಐದು ನೆಲ ಬಿಡುವುದಿಲ್ಲ, ಮೈ ಅಷ್ಟಾಗಿ ವಾಲುವುದಿಲ್ಲ. ಮೊದಲ ಸಲ ಇದು ಕೆಲಸ ಮಾಡುವುದಿಲ್ಲ. ಪಿನ್ನು ಬಿಗಿಯಾಗಿರುತ್ತದೆ, ಇಲ್ಲವೇ ತೋಳು ಮೈಗೆ ತಾಗುತ್ತದೆ. ಬಿಚ್ಚಬೇಕು, ಒಂದು ಉಬ್ಬು ಆಚೆ ಸರಿಸಬೇಕು. ನಿಜವಾದ ಪ್ರಜ್ಞಾನ್ ಕೂಡ 2023ರ ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡು, ಬಂದ ದಾರಿಗೇ ಹಿಂದಿರುಗಿ ಬೇರೆ ದಾರಿ ಹಿಡಿದಿತ್ತು. ಈ ಪರೀಕ್ಷೆಗೆ ಮಡಿಸಿದ ಚಾದರವೇ ಚಂದ್ರನ ನೆಲ.

ಇಟ್ಟಿಗೆ ಹೊರದೇಶದ್ದೇ ಆಗಬೇಕೆಂದೂ ಇಲ್ಲ. ಮೂಲ ಪೇಟೆಂಟಿನ ಅವಧಿ ಮುಗಿದು ದಶಕಗಳೇ ಆದವು. ಅದೇ ಅಳತೆಯ ಇಟ್ಟಿಗೆಗಳನ್ನು ಬೇರೆಯವರೂ ಮಾಡುತ್ತಾರೆ, ಬೆಲೆಯೂ ಕಡಿಮೆ. ಕೆಲವು ಸಡಿಲ, ಕೆಲವು ಹಲ್ಲು ಕಚ್ಚಿ ಎಳೆಯುವಷ್ಟು ಬಿಗಿ. ಕೊಳ್ಳುವಾಗ ಐ.ಎಸ್.ಐ. ಗುರುತು ನೋಡುವುದು ಒಳ್ಳೆಯದು; 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ಮೂರು ವರ್ಷದೊಳಗಿನ ಕೂಸಿರುವ ಮನೆಯಲ್ಲಿ ಸಣ್ಣ ಬಿಡಿಭಾಗಗಳು ನೆಲದ ಮೇಲೆ ಉಳಿಯಕೂಡದು, ಗಂಟಲಿಗೆ ಸಿಕ್ಕೀತು.

ಸ್ಯಾಟರ್ನ್ ರಾಕೆಟ್ಟು ಈಗಾಗಲೇ ಗಾಜಿನ ಹಿಂದಿರುವ ಮನೆಯಲ್ಲಿ ಇನ್ನೊಂದು ಆಟವುಂಟು. ಅದರ ಪ್ರಮಾಣ 110ರಲ್ಲಿ ಒಂದು. ಅದೇ ಪ್ರಮಾಣದಲ್ಲಿ ಪಿ.ಎಸ್.ಎಲ್.ವಿ. ಕಟ್ಟಿದರೆ ಎತ್ತರ 40 ಸೆಂಟಿಮೀಟರು, ದಪ್ಪ ಸುಮಾರು ಮೂರು ಉಬ್ಬು. ಚಂದ್ರಯಾನ–3ನ್ನು ಹೊತ್ತ ಎಲ್.ವಿ.ಎಂ.–3 ಕೂಡ ಅಷ್ಟೇ ಎತ್ತರ, ಆದರೆ ನಡುವಿನ ಕಂಬದ ದಪ್ಪ ನಾಲ್ಕು ಮೀಟರು. ಲೆಕ್ಕ ಹಾಕಿದರೆ ನಾಲ್ಕೂವರೆ ಉಬ್ಬು ಬರುತ್ತದೆ. ಅರ್ಧ ಉಬ್ಬಿನ ಇಟ್ಟಿಗೆ ಸಿಗುವುದಿಲ್ಲ. ಎರಡು ಉಬ್ಬಿನ ಉದ್ದವಿದ್ದು ನಟ್ಟನಡುವೆ ಒಂದೇ ಉಬ್ಬಿರುವ ತೆಳು ತುಂಡೊಂದು ಮಾತ್ರ ಹೆಚ್ಚಿನ ಸೆಟ್ಟುಗಳಲ್ಲಿ ಇರುತ್ತದೆ. ಅದರ ಮೇಲೆ ಕೂತ ಇಟ್ಟಿಗೆ ಅರ್ಧ ಉಬ್ಬು ಪಕ್ಕಕ್ಕೆ ಸರಿದಿರುತ್ತದೆ. ಅಂಥ ತುಂಡುಗಳು ಸ್ಯಾಟರ್ನ್ ರಾಕೆಟ್ಟಿನ ಒಳಗೂ ಇರಬಹುದು. ತೆಗೆಯಬೇಕಾದರೆ ಅದನ್ನು ಬಿಚ್ಚಲೇಬೇಕು.