ಗುಡಿ ಉಳಿದರೆ ಸಾಕೇ, ಬೆಟ್ಟ ಬೇಡವೇ?

ಬಳ್ಳಾರಿ ಜಿಲ್ಲೆಯ ಸಂಡೂರಿನ ಕುಮಾರಸ್ವಾಮಿ ದೇವಸ್ಥಾನಕ್ಕೆ ಜನ ಹೋಗುವುದು ಮೂರ್ತಿಯ ದರ್ಶನಕ್ಕಷ್ಟೇ ಅಲ್ಲ. ಸ್ವಾಮಿಮಲೆಯ ಕಾಡು, ಮಳೆ ಬಿದ್ದೊಡನೆ ಚಿಗುರುವ ಇಳಿಜಾರು, ಪಕ್ಕದಲ್ಲೇ ಇರುವ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಅಲ್ಲಿನ ನೆಮ್ಮದಿ ಎಲ್ಲ ಕೂಡಿಯೇ ಅದು ಕ್ಷೇತ್ರ. ನಮ್ಮ ಸಂರಕ್ಷಣೆಯ ಲೆಕ್ಕ ಮಾತ್ರ ಗೋಡೆಯಿಂದ ಶುರುವಾಗಿ ಗೋಡೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಕೇಂದ್ರದ ಸಂರಕ್ಷಿತ ಸ್ಮಾರಕಗಳಿಗೂ ಕಾನೂನು ಕೊಟ್ಟಿರುವುದು 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಪೇಟೆಯ ನಡುವಿನ ಕಟ್ಟಡಕ್ಕೆ ಇಷ್ಟು ಸಾಕಾದೀತು. ಅದಿರಿನ ಬೆಟ್ಟದ ಮೇಲಿನ ಗುಡಿಗೆ ಸಾಲದು. ಸಿಡಿಮದ್ದಿನ ಸದ್ದಿಗಾಗಲಿ ಲಾರಿ ಎಬ್ಬಿಸುವ ಕೆಂಧೂಳಿಗಾಗಲಿ ಮೀಟರಿನ ಹಂಗಿಲ್ಲ. ಇಲ್ಲಿ ಕಾಯಬೇಕಾದದ್ದು ಇಡೀ ಬೆಟ್ಟವನ್ನು.

ಇದು ಅತಿಯಾಸೆ ಅನ್ನುವವರು ಹತ್ತಿರದ ಹಂಪಿಯನ್ನು ನೋಡಲಿ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಹಂಪಿ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಆಗಿನ ಮುಖ್ಯ ತಕರಾರು ಗುಡಿಗಳು ಶಿಥಿಲವಾದವು ಎಂದಲ್ಲ, ತುಂಗಭದ್ರೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆಗಳು ಸುತ್ತಲಿನ ಪರಿಸರವನ್ನೇ ಕೆಡಿಸುತ್ತವೆ ಎಂದು. 2002ರ ಕಾಯ್ದೆಯಿಂದ ಇಡೀ ಪ್ರದೇಶಕ್ಕೊಂದು ಪ್ರಾಧಿಕಾರ ಬಂತು. 2006ರಲ್ಲಿ ಆ ಕಳಂಕ ಕಳೆಯಿತು. ಹಂಪಿಗೆ ಸಂದ ನ್ಯಾಯ ಸಂಡೂರಿಗೆ ಯಾಕಿಲ್ಲ?

ಹೊಟ್ಟೆಪಾಡಿನ ಆಕ್ಷೇಪ ಹಗುರವಾದದ್ದಲ್ಲ. ದೋಣಿಮಲೆಯಿಂದ ಹಿಡಿದು ದೇವರ ಹೆಸರನ್ನೇ ಹೊತ್ತ ಕುಮಾರಸ್ವಾಮಿ ಗಣಿಯವರೆಗೆ ಸಾವಿರಾರು ಮನೆಗಳ ಒಲೆ ಉರಿಯುವುದು ಅದಿರಿನಿಂದ. ಆದರೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಕೂಲಿಕಾರರೂ ಲಾರಿ ಮಾಲೀಕರೂ ಬೀದಿಗೆ ಬಿದ್ದದ್ದು ಯಾರೋ ಬೆಟ್ಟ ಕಾಯ್ದಿದ್ದರಿಂದಲ್ಲ, ಯಾರೂ ಕಾಯದೆ ಲೂಟಿ ನಡೆದದ್ದರಿಂದ. 2013ರಲ್ಲಿ ಕೋರ್ಟ್ ಜಿಲ್ಲೆಗೆ ವರ್ಷಕ್ಕೆ 25 ದಶಲಕ್ಷ ಟನ್ನಿನ ಮಿತಿ ಹಾಕಿತು. ಅದು 28ಕ್ಕೆ ಏರಿತು, 2022ರಲ್ಲಿ 35 ಆಯಿತು. ಎಷ್ಟು ತೆಗೆಯಬೇಕು ಎಂಬುದಕ್ಕೆ ಇಷ್ಟೆಲ್ಲ ಲೆಕ್ಕವಿದೆ. ಯಾವ ಬೆಟ್ಟವನ್ನು ಮುಟ್ಟಲೇಬಾರದು ಎಂಬುದಕ್ಕೆ ಅಂಥ ಲೆಕ್ಕವಿಲ್ಲ. 2024ರಲ್ಲಿ ಸಂಡೂರಿನದೇ ದೇವದಾರಿ ಗಣಿಯ ವಿವಾದ ಎದ್ದಾಗಲೂ ಚರ್ಚೆ ಬಹುಪಾಲು ಕೇಂದ್ರ-ರಾಜ್ಯಗಳ ಜಗಳವಾಗಿಯೇ ಕರಗಿತು.

ಭಕ್ತಿಗೆ ಬೆಟ್ಟ ಯಾಕೆ, ದೇವರು ಎಲ್ಲೆಲ್ಲೂ ಇದ್ದಾನಲ್ಲ ಎಂಬ ಮಾತೂ ಇದೆ. ತತ್ತ್ವಕ್ಕೆ ಅದು ಸರಿ, ಸ್ಥಳಪುರಾಣಕ್ಕಲ್ಲ. ಮುನಿದು ಬಂದ ಕುಮಾರ ನೆಲೆಸಿದ್ದು ಕ್ರೌಂಚಗಿರಿಯಲ್ಲಿ, ಅಂದರೆ ಇದೇ ಬೆಟ್ಟದಲ್ಲಿ. ಗಿರಿಯನ್ನು ತೆಗೆದರೆ ಕಥೆಗೆ ನೆಲವೇ ಇಲ್ಲ. ಸಂಡೂರಿಗೆ ಮುಂದಾಲೋಚನೆ ಹೊಸದೂ ಅಲ್ಲ. ತಿರುವಾಂಕೂರಿಗಿಂತ ನಾಲ್ಕು ವರ್ಷ ಮೊದಲೇ, 1932ರಲ್ಲಿ, ಘೋರ್ಪಡೆ ಸಂಸ್ಥಾನ ದಲಿತರಿಗೆ ಗುಡಿಯ ಬಾಗಿಲು ತೆರೆದಿತ್ತು.

ಈಗ ಬೇಕಾದದ್ದಕ್ಕೆ ಹೊಸ ಕಾನೂನೂ ಬೇಡ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರವೇ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸಬಹುದು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲೇ ಆ ಮಾನ್ಯತೆ ಕೊಟ್ಟ ಸರ್ಕಾರ, ಸ್ವಾಮಿಮಲೆಯ ಕಾಡನ್ನೂ ಹಳ್ಳಕೊಳ್ಳಗಳನ್ನೂ ಅಳೆದು ಗಡಿ ಗುರುತಿಸಲಿ. ಆ ಕೆಲಸ ಮುಗಿಯುವವರೆಗೆ ಅಲ್ಲಿ ಹೊಸ ಗುತ್ತಿಗೆಯ ಕಡತ ಮುಂದೆ ಸರಿಯದಿರಲಿ.