ಮಂಚದ ಮರ ಬಂದುದೆಲ್ಲಿಂದ?

ಮಗಳ ಮದುವೆಗೆಂದು ಬೀಟೆಯ ಮಂಚ ಕೊಳ್ಳಹೊರಟ ಗೃಹಿಣಿ ಮೊದಲು ವಿಚಾರಿಸಬೇಕಾದುದು ಬೆಲೆಯನ್ನಲ್ಲ, ಮರ ಬಂದ ದಾರಿಯನ್ನು. ಅರಣ್ಯ ಇಲಾಖೆಯ ಡಿಪೋದಲ್ಲಿ ಹರಾಜಾದ ದಿಮ್ಮಿಗೆ ರಸೀದಿಯುಂಟು, ಸಾಗಾಣಿಕೆಯ ರಹದಾರಿಯುಂಟು. ಕದ್ದು ಕಡಿದುದಕ್ಕೆ ಇರುವುದು ಅಗ್ಗದ ಬೆಲೆಯೊಂದೇ. ಬೀಟೆ ಬೆಳೆದು ಚೇಗು ಕಟ್ಟಲು ಹಲವು ದಶಕಗಳೇ ಬೇಕು. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣಕ್ಕೆ ಒಳಪಟ್ಟಿದೆ. ಕಾಗದಪತ್ರ ದೊರೆಯದಿದ್ದರೆ ಬೀಟೆಯೇ ಏಕೆ? ಹಿತ್ತಿಲಿನ ಹಲಸೇನು ಕಡಮೆಯೆ? ಹೊಸತರಲ್ಲಿ ಹಳದಿಯಾಗಿದ್ದು, ವರ್ಷಗಳು ಕಳೆದಂತೆ ಕೆಂಗಂದು ಬಣ್ಣಕ್ಕೆ ತಿರುಗುವ ಅದರ ಚೆಲುವನ್ನು ಬಲ್ಲವರೇ ಬಲ್ಲರು. ಕೊಳ್ಳುವಾಗ ಮಂಚದ ಅಡಿಭಾಗವನ್ನೂ ನೋಡಬೇಕು. ದಿಮ್ಮಿಯ ಹೊರಪದರದ ಬಿಳಿಮರಕ್ಕೇ ಮೊದಲು ಹುಳು ಬೀಳುವುದು. ಮನೆಗೆ ತಂದ ಬಳಿಕ ಒದ್ದೆ ಬಟ್ಟೆಯ ಉಪಚಾರ ಬೇಡ. ಒಣಬಟ್ಟೆಯಿಂದ ಒರೆಸಿ, ವರ್ಷಕ್ಕೊಮ್ಮೆ ಜೇನುಮೇಣ ತಿಕ್ಕಿದರೆ ಸಾಕು. ಮಳೆಗಾಲದಲ್ಲಿ ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟಿರಿಸುವುದು ಲೇಸು.