ಶಾಲೆಯ ದಾರಿಯಲ್ಲಿ ಲಾರಿಗಳ ಬೀಡು: ನಿಲುಗಡೆಯ ಜಾಗ ಗುರುತಿಸುವವರು ಯಾರು?

ಹೊಸಂಗಡಿ, ಉಪ್ಪಳ, ಕುಂಬಳೆ, ಬದಿಯಡ್ಕದಂತಹ ಪೇಟೆಗಳ ಬದಿಯಲ್ಲಿ ಶಾಲೆಗೆ ನಡೆದುಹೋಗುವ ಮಕ್ಕಳಿಗೆ ಪರಿಚಿತವಾದ ದೃಶ್ಯವೊಂದಿದೆ. ಹಿಂದಿನ ರಾತ್ರಿ ತಂದು ನಿಲ್ಲಿಸಿದ ಲಾರಿಯೋ ಟಿಪ್ಪರೋ ಟೂರಿಸ್ಟ್ ಬಸ್ಸೋ ರಸ್ತೆಯಂಚನ್ನು ಪೂರ್ತಿಯಾಗಿ ಆವರಿಸಿಕೊಂಡಿರುತ್ತದೆ. ಅದನ್ನು ದಾಟಲು ಮಗು ಟಾರು ರಸ್ತೆಗೇ ಇಳಿಯಬೇಕು. ಮರೆಯಿಂದ ಹೊರಬರುವ ಮಗು ಇತರ ಚಾಲಕರ ಕಣ್ಣಿಗೆ ಬೀಳುವುದು ಕೊನೆಯ ಕ್ಷಣದಲ್ಲಿ.

ಇದಕ್ಕೆ ಕಾನೂನಿನ ಕೊರತೆ ಕಾರಣವೆನ್ನುವಂತಿಲ್ಲ. ಶಾಲೆ ಹಾಗೂ ಆಸ್ಪತ್ರೆಯ ಪ್ರವೇಶದ್ವಾರದ ಬಳಿ, ಬಸ್ ತಂಗುದಾಣದ ಬಳಿ, ಕಾಲುದಾರಿಯ ಮೇಲೆ ವಾಹನ ನಿಲ್ಲಿಸುವುದನ್ನು ದೇಶದ ರಸ್ತೆ ನಿಯಮಗಳು ನಿಷೇಧಿಸಿವೆ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಯಾರೂ ಇಲ್ಲದೆ ಬಿಟ್ಟುಹೋದ ವಾಹನವನ್ನು, ಇಲ್ಲವೇ ನಿಷೇಧಿತ ಸ್ಥಳದಲ್ಲಿ ನಿಲ್ಲಿಸಿದ ವಾಹನವನ್ನು ಎಳೆದೊಯ್ಯಿಸಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರವಿದೆ.

ಅದೇ ಕಾಯ್ದೆಯ ಇನ್ನೊಂದು ವಿಧಿ ಹೆಚ್ಚು ಗಮನಾರ್ಹ. ಸರಕು ವಾಹನದ ಪರ್ಮಿಟ್‌ಗೆ ಅರ್ಜಿ ಸಲ್ಲಿಸುವವರು, ವಾಹನವನ್ನು ಎಲ್ಲಿ ಇರಿಸಲಾಗುವುದು, ಅದರ ನಿರ್ವಹಣೆಗೆ ಏನು ವ್ಯವಸ್ಥೆಯಿದೆ ಎಂಬುದನ್ನು ಅರ್ಜಿಯಲ್ಲೇ ತಿಳಿಸಬೇಕೆಂದು 77ನೇ ಸೆಕ್ಷನ್ ಹೇಳುತ್ತದೆ. ಅಂದರೆ ಲಾರಿ ರಸ್ತೆಗಿಳಿಯುವ ಮೊದಲೇ ಅದರ ರಾತ್ರಿಯ ನೆಲೆ ಯಾವುದೆಂಬ ಪ್ರಶ್ನೆ ಏಳಬೇಕು. ಆ ಉತ್ತರವನ್ನು ಸ್ಥಳದಲ್ಲಿ ಪರಿಶೀಲಿಸಿದ್ದರೆ ಶಾಲೆಯ ಗೇಟಿನೆದುರು ಇಷ್ಟೊಂದು ವಾಹನಗಳು ತಂಗುತ್ತಿರಲಿಲ್ಲ. ಒಟ್ಟು ತೂಕ 3,000 ಕಿಲೋಗ್ರಾಂ ಮೀರದ ಸರಕು ವಾಹನಗಳಿಗಂತೂ ಪರ್ಮಿಟ್ಟೇ ಬೇಡವಾದ್ದರಿಂದ, ಸಣ್ಣ ಪಿಕಪ್‌ಗಳು ಈ ಪ್ರಶ್ನೆಯ ಹೊರಗೇ ಉಳಿಯುತ್ತವೆ.

ತಲಪಾಡಿಯಿಂದ ಚೆಂಗಳದವರೆಗಿನ ಸುಮಾರು 39 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ ಆರು ಪಥಗಳಾಗಿ ಅಗಲಗೊಂಡ ಮೇಲೆ ಸಮಸ್ಯೆಯ ಸ್ವರೂಪ ಬದಲಾಗಿದೆ. ದೂರದೂರಿನ ವಾಹನಗಳಿಗೆ ನಡುವಿನ ಪಥಗಳು. ಊರಿನ ಬಸ್ಸು, ಶಾಲಾ ವಾಹನ, ಸೈಕಲ್, ಪಾದಚಾರಿಗಳಿಗೆ ಬದಿಯ ಸರ್ವಿಸ್ ರಸ್ತೆ. ಈ ಕಿರಿದಾದ ರಸ್ತೆಯಲ್ಲಿ ಒಂದು ಲಾರಿ ನಿಂತರೂ ಇಡೀ ಊರಿನ ಸಂಚಾರಕ್ಕೆ ಅಡ್ಡಿಯಾಗುತ್ತದೆ.

ಆದರೆ ಚಾಲಕರನ್ನು ಅಪರಾಧಿಗಳಂತೆ ಕಾಣುವುದು ನ್ಯಾಯವಲ್ಲ. ಕೆಂಪುಕಲ್ಲು, ಜಲ್ಲಿ, ಮೀನು ಸಾಗಿಸುವ ವಾಹನಗಳನ್ನೇ ನಂಬಿ ಬದುಕುವ ಮನೆಗಳ ಮಕ್ಕಳೂ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿಯುತ್ತಿದ್ದಾರೆ. ಐದು ಸೆಂಟ್ಸ್ ಜಾಗದ ಮನೆಯಂಗಳಕ್ಕೆ ಟಿಪ್ಪರ್ ಹೋಗದು. ನಿರ್ಜನ ಸ್ಥಳದಲ್ಲಿ ಬಿಟ್ಟರೆ ಬ್ಯಾಟರಿ, ಡೀಸೆಲ್ ಕಳವಾಗುವ ಭಯ. ಬದಲಿ ಜಾಗ ತೋರಿಸದೆ ದಂಡ ಮಾತ್ರ ವಿಧಿಸಿದರೆ ಒಂದು ಶಾಲೆಯ ಎದುರಿನಿಂದ ಹೊರಟ ಲಾರಿ ಇನ್ನೊಂದು ಶಾಲೆಯ ಎದುರು ನಿಲ್ಲುತ್ತದೆ.

ಆ ಜಾಗ ಗುರುತಿಸುವ ಹೊಣೆ ಯಾರದು? ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ನಿಲುಗಡೆಯ ಸ್ಥಳಗಳನ್ನು ನಿಗದಿಪಡಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ರಾಜ್ಯ ಸರಕಾರಕ್ಕೆ ನೀಡಿದೆ. 2019ರ ತಿದ್ದುಪಡಿಯು ರಸ್ತೆ ಬಳಕೆದಾರರ ಸುರಕ್ಷತೆಗೆ ಪ್ರಾಶಸ್ತ್ಯ ನೀಡಬೇಕೆಂದು ಸೇರಿಸಿ, ಹೆದ್ದಾರಿ ಪ್ರಾಧಿಕಾರಕ್ಕೂ ಇಂತಹ ಸ್ಥಳ ನಿಗದಿಪಡಿಸಲು ಅವಕಾಶ ಕಲ್ಪಿಸಿತು. ಕೇರಳದ 1994ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯತುಗಳು ವಾಹನ ತಂಗುದಾಣ ಏರ್ಪಡಿಸಿ ಶುಲ್ಕ ಪಡೆಯಬಹುದು. ಹೀಗೆ ಅಧಿಕಾರ ಮೂರು ಕಡೆ ಹಂಚಿಹೋಗಿರುವುದರಿಂದಲೇ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದು ಸುಲಭವಾಗಿದೆ. ಕಟ್ಟಡ ನಿಯಮಗಳು ಹೊಸ ಅಂಗಡಿ ಸಂಕೀರ್ಣದಲ್ಲಿ ಎಷ್ಟು ಕಾರುಗಳಿಗೆ ಸ್ಥಳವಿರಬೇಕೆಂದು ಲೆಕ್ಕ ಹಾಕುತ್ತವೆ. ದುಡಿದು ಬಂದ ಲಾರಿಯ ರಾತ್ರಿಯ ನಿಲುಗಡೆ ಆ ಲೆಕ್ಕದಲ್ಲಿಲ್ಲ.

ಹೆತ್ತವರು ಮಾಡಬಹುದಾದುದು ಇದೆ. ಕೇರಳದಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಶಾಲೆಯ ಎರಡೂ ಬದಿಯಲ್ಲಿ ನಿಲುಗಡೆ ನಿಷೇಧದ ಫಲಕ, ಪೇಟೆಯಿಂದ ತುಸು ದೂರದಲ್ಲಿ ದೀಪ ಮತ್ತು ಕಾವಲು ಇರುವ ತಂಗುದಾಣ – ಈ ಎರಡು ಬೇಡಿಕೆಗಳನ್ನು ರಕ್ಷಕ-ಶಿಕ್ಷಕ ಸಂಘ ಒಟ್ಟಾಗಿಯೇ ಮಂಡಿಸಲಿ. ಪಂಚಾಯತಿನ ಟ್ರಾಫಿಕ್ ರೆಗ್ಯುಲೇಟರಿ ಸಮಿತಿಗೂ ಮನವಿ ಹೋಗಲಿ. ಭಾಷೆಯ ಅಳುಕು ಬೇಡ: ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ರಾಜ್ಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನೀಡಿದೆ. ಫಲಕದಲ್ಲಿ ಕನ್ನಡವೂ ಇರಬೇಕೆಂಬ ಮಾತನ್ನು ಅದೇ ಮನವಿಯಲ್ಲಿ ಸೇರಿಸಬಹುದು. ಮಂಗಳೂರು ಕಡೆಯಿಂದ ಬರುವ ಎಷ್ಟೋ ಚಾಲಕರಿಗೆ ಮಲಯಾಳ ಓದಲು ಬಾರದು.

ಮುಂದಿನ ಗ್ರಾಮಸಭೆಯ ದಿನಾಂಕವನ್ನು ವಾರ್ಡ್ ಸದಸ್ಯರಲ್ಲಿ ವಿಚಾರಿಸುವುದರಿಂದ ಈ ಕೆಲಸ ಆರಂಭವಾಗಲಿ.